ಹತ್ತು ಲೀಟರಿನೊಳಗಿನ ಸಂಸಾರ

ಈ ಸಲ ಸಮುದ್ರ ನೋಡಿ ಮನೆಗೆ ಮರಳುವಷ್ಟರಲ್ಲಿ ನೂರು ಕಿಲೋಮೀಟರಿಗೆ ಹತ್ತು ಲೀಟರ್ ಡೀಸೆಲಿನೊಳಗೆ ಗಾಡಿ ಓಡಿಸಿ ತೋರಿಸದಿದ್ದರೆ ನನ್ನ ಹೆಸರು ಡೀಟ್ಮಾರ್ ಅಲ್ಲ! ಹೀಗೆಂದು ಡೀಟ್ಮಾರ್ ಘೋಷಿಸಿದ್ದು ತನ್ನ ಭಾಮೈದ ಲೋಥಾರನ ಹಿತ್ತಲಿನಲ್ಲಿ, ಅವನೇ ಸುಟ್ಟುಕೊಟ್ಟ ಸಾಸೇಜನ್ನು ತಿನ್ನುತ್ತಾ. ಕೇಳಿಸಿಕೊಂಡವರು ಇಬ್ಬರೇ. ಲೋಥಾರ್ ಇನ್ನೊಂದು ಸಾಸೇಜನ್ನು ಮಗುಚಿ ಹಾಕಿದ. ಡೀಟ್ಮಾರನ ಹೆಂಡತಿ ರೊಸ್ವಿತಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಡೀಟ್ಮಾರನದು ಹಾಸಿಗೆ, ಒಲೆ, ಕಕ್ಕಸು ಎಲ್ಲವನ್ನೂ ಹೊತ್ತುಕೊಂಡು ಓಡುವ ಬಿಳಿಯ ಮನೆಗಾಡಿ. ಯುರೋಪಿನಲ್ಲೇ ಹುಟ್ಟಿದ ಡೀಸೆಲ್ ಗಾಡಿ, ಚೂಪು ಮೂತಿ, ಮಿತ ಆಹಾರ. ಲೋಥಾರನದು ಅಮೆರಿಕದಿಂದ ಹಡಗು ಹತ್ತಿ ಬಂದ ಪೆಟ್ರೋಲ್ ಭೀಮ. ಗೋಡೆಯಂಥ ಮುಖ, ಒಳಗೆ ಸೋಫಾ, ಬಟ್ಟೆ ಒಗೆಯುವ ಯಂತ್ರ, ಆಳೆತ್ತರದ ಫ್ರಿಜ್. ನೂರು ಕಿಲೋಮೀಟರಿಗೆ ಮೂವತ್ತು ಲೀಟರ್ ಕುಡಿದು, ಇನ್ನೂ ಇದ್ದರೆ ಕೊಡಿ ಎನ್ನುವ ಜಾತಿ. ಅದನ್ನು ಕಂಡಾಗಲೆಲ್ಲ ಡೀಟ್ಮಾರನ ಹೊಟ್ಟೆಯೊಳಗೆ ಉರಿ ಏಳುತ್ತಿತ್ತು. ಗೋಡೆ ಮುಖದ ಗಾಡಿಗೆ ಗಾಳಿ ಹೇಗೆ ಅಡ್ಡ ನಿಲ್ಲುತ್ತದೆ, ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲೇ ಹೇಗೆ ಗಾಡಿ ಎಳೆಯುತ್ತದೆ ಎಂದು ಪ್ರತಿ ಭಾನುವಾರ ಅವನು ಪ್ರವಚನ ಕೊಡುತ್ತಿದ್ದ. ಹೇಳಿದ ಒಂದೊಂದು ಮಾತೂ ಸರಿ. ಮೂವತ್ತು ವರ್ಷದಿಂದ ಎಲ್ಲದರಲ್ಲೂ ಸರಿಯಾಗಿರುವ ಗಂಡನ ಜೊತೆ ಸಂಸಾರ ಮಾಡುವ ಕಷ್ಟ ಏನೆಂಬುದು ರೊಸ್ವಿತಾಗೆ ಮಾತ್ರ ಗೊತ್ತಿತ್ತು.

ಅವಳಿಗೆ ಇದ್ದದ್ದು ಒಂದೇ ಆಸೆ. ಡೆನ್ಮಾರ್ಕಿನ ರೋಮೋ ದ್ವೀಪದ ಮರಳಿನಲ್ಲಿ ಒಂದು ಕಡೆ ಗಾಡಿ ನಿಲ್ಲಿಸಬೇಕು, ಎರಡು ವಾರ ಅಲ್ಲಾಡಬಾರದು, ಸಮುದ್ರದ ಚಿತ್ರ ಬರೆಯಬೇಕು. ಗಾಡಿ ಕೊಂಡ ದಿನವೇ ಡೀಟ್ಮಾರ್ ಮಾತು ಕೊಟ್ಟಿದ್ದ. ಆದರೆ ಎಲ್ಲಿ ನಿಂತರೂ ಮರುದಿನ ಬೆಳಗ್ಗೆ ಅವನಿಗೆ ಹೊರಡಲು ಕಾಲು ತುರಿಸುತ್ತಿತ್ತು. ನಿಂತರೆ ಡೀಸೆಲ್ ಲೆಕ್ಕದ ಸರಾಸರಿ ಎಲ್ಲಿಂದ ಬರುತ್ತದೆ ಎನ್ನುತ್ತಿದ್ದ. ಹೊರಡುವ ಮುಂಚೆ ರೊಸ್ವಿತಾ ಒಂದೇ ಮಾತು ಹೇಳಿದಳು:

"ಈ ಸಲ ನಿಲ್ಲಿಸ್ಲಿಲ್ಲ ಅಂದ್ರೆ, ಇನ್ಮೇಲೆ ಈ ಗಾಡಿ ನಾನು ಹತ್ತಲ್ಲ."

"ನಿಲ್ಸೋಣ, ನಿಲ್ಸೋಣ" ಎಂದ ಡೀಟ್ಮಾರ್, ಚಕ್ರಕ್ಕೆ ಗಾಳಿ ತುಂಬುತ್ತಾ.

ಗಾಳಿ ಎಷ್ಟು ಗಟ್ಟಿಯೋ ಉರುಳುವುದು ಅಷ್ಟು ಹಗುರ. ಹಾಗಾಗಿ ಬೆರಳಲ್ಲಿ ಬಡಿದರೆ ಟಣ್ ಎನ್ನಬೇಕು, ಅಷ್ಟು ತುಂಬಿದ. ಆಮೇಲೆ ಗಾಡಿಯನ್ನು ಜಲ್ಲಿ ಅಂಗಡಿಯ ತೂಕದ ಕಟ್ಟೆಗೆ ಒಯ್ದು, ಬೇಡದ್ದನ್ನೆಲ್ಲ ಒಂದೊಂದಾಗಿ ಇಳಿಸಿದ. ಸಲಿಕೆ, ಎಳೆಯುವ ಹಗ್ಗ, ಮರಳಿನಲ್ಲಿ ಚಕ್ರದ ಕೆಳಗೆ ಹಾಕುವ ಹಲಗೆ, ಬಿಡಿ ಕುರ್ಚಿ, ಇಸ್ತ್ರಿ ಪೆಟ್ಟಿಗೆ. ಕುಡಿಯುವ ನೀರಿನ ಟ್ಯಾಂಕನ್ನೂ ಬರಿದು ಮಾಡಿದ. ಡೆನ್ಮಾರ್ಕಿನಲ್ಲಿ ನೀರಿಗೇನು ಬರವೇ?

ಹೆದ್ದಾರಿಯಲ್ಲಿ ಗಂಟೆಗೆ ಎಂಬತ್ತು ದಾಟಲಿಲ್ಲ. ದೊಡ್ಡ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಅದೇ ಗಾಳಿಯನ್ನು ಸೀಳಿಕೊಡುತ್ತದೆ, ನಮಗೆ ಡೀಸೆಲ್ ಉಳಿಯುತ್ತದೆ ಎಂಬುದು ಅವನ ಮತ್ತೊಂದು ಸರಿಯಾದ ಮಾತು. ಅವನು ಆರಿಸಿಕೊಂಡ ಲಾರಿ ಮಾತ್ರ ಹಂದಿಗಳನ್ನು ಇಳಿಸಿ ಖಾಲಿಯಾಗಿ ಡೆನ್ಮಾರ್ಕಿಗೆ ಮರಳುತ್ತಿತ್ತು. ಹಂದಿಗಳು ಇಳಿದಿದ್ದವು, ವಾಸನೆ ಇಳಿದಿರಲಿಲ್ಲ. ಕಿಟಕಿ ತೆರೆದರೆ ಗಾಳಿ ಅಡ್ಡ ನಿಲ್ಲುತ್ತದೆ, ಏಸಿ ಹಾಕಿದರೆ ಡೀಸೆಲ್ ಹೋಗುತ್ತದೆ. ಹ್ಯಾಂಬರ್ಗ್ ದಾಟುವ ಹೊತ್ತಿಗೆ ರೊಸ್ವಿತಾ ಪಾತ್ರೆ ಒರೆಸುವ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಕುಳಿತಿದ್ದಳು. ಆಗ, ತಾನೂ ರೋಮೋಗೇ ಹೊರಟಿದ್ದ ಲೋಥಾರನ ಭೀಮ ಪಕ್ಕದಲ್ಲೇ ಗುಡುಗುತ್ತಾ ಮುಂದೆ ಹೋಯಿತು. ಲೋಥಾರ್ ಒಂದು ಕೈಯಲ್ಲಿ ಬನ್ನು ಹಿಡಿದುಕೊಂಡೇ ಇನ್ನೊಂದು ಕೈ ಬೀಸಿದ. ಸ್ಟೀರಿಂಗ್ ಹಿಡಿದದ್ದು ಯಾವ ಕೈಯೋ ತಿಳಿಯಲಿಲ್ಲ.

"ಕುಡಿ ಮಗನೇ, ಕುಡಿ" ಎಂದು ಡೀಟ್ಮಾರ್ ಗೊಣಗಿದ. ಅವನ ಮುಂದಿನ ಪರದೆಯಲ್ಲಿ ಸರಾಸರಿ ಹತ್ತು ದಶಮಾಂಶ ಎರಡು ತೋರಿಸುತ್ತಿತ್ತು. ಇನ್ನು ಕೂದಲೆಳೆಯಷ್ಟೇ ಬಾಕಿ.

ರೋಮೋ ತಲುಪಿದಾಗ ಮಧ್ಯಾಹ್ನ ಜಾರಿತ್ತು. ಆ ದ್ವೀಪದ ತೀರದಲ್ಲಿ ಗಾಡಿಗಳನ್ನು ನೇರವಾಗಿ ಮರಳಿನ ಮೇಲೇ ಓಡಿಸಬಹುದು, ಆದರೆ ಓಡಾಡಿ ಗಟ್ಟಿಯಾದ ಜಾಡು ಹಿಡಿದು ಸುತ್ತಿ ಹೋಗಬೇಕು. ಬಂದವರೆಲ್ಲ ಸುತ್ತಿಯೇ ಹೋಗುತ್ತಿದ್ದರು. ದೂರದಲ್ಲಿ ಲೋಥಾರ್ ಆಗಲೇ ಮೇಜು ಹಾಕಿ ಕಾಫಿ, ಕೇಕು ಇಟ್ಟುಕೊಂಡು ಕೂತದ್ದು ಕಾಣುತ್ತಿತ್ತು. ಡೀಟ್ಮಾರ್ ಒಮ್ಮೆ ಪರದೆ ನೋಡಿದ, ಒಮ್ಮೆ ಜಾಡು ನೋಡಿದ.

"ಸುತ್ತು ಹಾಕಿದ್ರೆ ಡೀಸೆಲ್ ದಂಡ" ಎಂದು ಅಡ್ಡ ಹಾಯಿಸಿದ.

ಕಲ್ಲಿನಂತೆ ಗಾಳಿ ತುಂಬಿದ ಸಣಕಲು ಚಕ್ರಗಳು ಮೆತ್ತನೆಯ ಮರಳಿನಲ್ಲಿ ಸಮಾಧಾನವಾಗಿ ಇಳಿದವು. ಮುಂದಕ್ಕೆ ಓಡಿಸಿದ, ಇಳಿಯಿತು. ಹಿಂದಕ್ಕೆ ಓಡಿಸಿದ, ಇನ್ನಷ್ಟು ಇಳಿಯಿತು. ಚೂಪು ಮೂತಿ ಮರಳಿಗೆ ತಾಗಿತು. ಸರಾಸರಿ ಕಣ್ಣೆದುರೇ ಹತ್ತು ದಶಮಾಂಶ ಐದಾಯಿತು. ಅವನಿಗೆ ಎದೆ ಧಸಕ್ಕೆಂದದ್ದು ಆಗ. ಉಬ್ಬರದ ನೀರು ತೆವಳಿಕೊಂಡು ಬರುತ್ತಿರುವುದು ಕಣ್ಣಿಗೆ ಬಿದ್ದದ್ದು ಅದಾದ ಮೇಲೆ.

ಸಲಿಕೆ ಮನೆಯಲ್ಲಿತ್ತು. ಹಗ್ಗವೂ ಹಲಗೆಯೂ ಅದರ ಪಕ್ಕದಲ್ಲೇ ಇದ್ದವು. ಡೀಟ್ಮಾರ್ ಬಾಣಲೆ ತೆಗೆದುಕೊಂಡು ಮರಳು ತೋಡತೊಡಗಿದ. ಹೇಗೂ ಗಾಡಿ ನಿಂತಿತಲ್ಲ, ಚಿತ್ರ ಬರೆಯೋಣ ಎಂದು ರೊಸ್ವಿತಾ ಹಿಂದಿನ ಕಪಾಟು ತೆರೆದಳು. ಅವಳ ಬಣ್ಣದ ಪೆಟ್ಟಿಗೆ, ಚಿತ್ರ ನಿಲ್ಲಿಸುವ ಮರದ ಸ್ಟ್ಯಾಂಡು ಇರಬೇಕಾದ ಜಾಗದಲ್ಲಿ ಗಾಳಿ ತುಂಬುವ ಪಂಪು ಮಲಗಿತ್ತು.

"ನನ್ನ ಸ್ಟ್ಯಾಂಡ್ ಎಲ್ಲಿ?"

"ಯಾವ ಸ್ಟ್ಯಾಂಡು?"

"ಡೀಟ್ಮಾರ್."

"ಗ್ಯಾರೇಜಲ್ಲಿದೆ. ಏನೂ ಆಗಿಲ್ಲ ಅದಕ್ಕೆ, ಭದ್ರವಾಗಿದೆ. ಪೆಟ್ಟಿಗೆ, ಸ್ಟ್ಯಾಂಡು ಎರಡೂ ಸೇರಿ ಹನ್ನೊಂದು ಕಿಲೋ ಕಣೇ."

"ನಾನು ಅರವತ್ತೆಂಟು ಕಿಲೋ ಇದ್ದೀನಿ. ನನ್ನನ್ಯಾಕೆ ಬಿಟ್ಟು ಬರ್ಲಿಲ್ಲ?"

ಡೀಟ್ಮಾರ್ ಪ್ರಾಮಾಣಿಕ ಮನುಷ್ಯ, ಪಾಪ. ಉತ್ತರ ಕೊಡುವ ಮುಂಚೆ ಒಂದು ಕ್ಷಣ ಲೆಕ್ಕ ಹಾಕಿದ. ಲೆಕ್ಕ ಹಾಕುವುದು ಮುಖದಲ್ಲಿ ಕಾಣಿಸಿಬಿಟ್ಟಿತು. ರೊಸ್ವಿತಾ ಚಪ್ಪಲಿ ಕೈಯಲ್ಲಿ ಹಿಡಿದು, ಮರಳಿನ ಮೇಲೆ ನೇರವಾಗಿ ತಮ್ಮನ ಗಾಡಿಯತ್ತ ನಡೆದಳು. ಹಿಂತಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಭೀಮ ಬಂತು. ಗಟ್ಟಿ ಜಾಡಿನ ಮೇಲೇ ನಿಂತಿತು. ಲೋಥಾರ್ ಇಳಿದು, ಬಾಯಲ್ಲಿದ್ದ ಕೇಕು ನುಂಗಿ, ಉದ್ದದ ಹಗ್ಗ ಬಿಚ್ಚಿದ. ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಡೀಟ್ಮಾರನಿಗೆ ಅನ್ನಿಸಿತು.

"ಎಳೀಲಾ ಭಾವ? ಒಂದರ್ಧ ಲೀಟರ್ ಖರ್ಚಾಗ್ಬಹುದು, ಪರ್ವಾಗಿಲ್ವಾ?"

ಡೀಟ್ಮಾರ್ ತಲೆಯಾಡಿಸಿದ. ಭೀಮ ಒಮ್ಮೆ ಕೆಮ್ಮಿ, ಹಲ್ಲು ಕೀಳುವಂತೆ ಅವನ ಗಾಡಿಯನ್ನು ಮರಳಿನಿಂದ ಕಿತ್ತು ಗಟ್ಟಿ ನೆಲಕ್ಕೆ ತಂದಿಟ್ಟಿತು. ಒಳಗೆ ಸೋಫಾದ ಮೇಲೆ ರೊಸ್ವಿತಾ ಕಾಲು ಚಾಚಿ ಕೂತದ್ದು ಕಿಟಕಿಯಲ್ಲಿ ಕಾಣಿಸಿತು. ಕೈಯಲ್ಲಿ ಕಾಫಿ ಲೋಟವಿತ್ತು. ತಾನು ಲೋಥಾರನ ಜೊತೆ ಇಲ್ಲೇ ಉಳಿಯುತ್ತೇನೆಂದು ಅವಳು ತಮ್ಮನ ಕೈಲೇ ಹೇಳಿಕಳುಹಿಸಿದಳು. ಬಟ್ಟೆಯ ಚೀಲವನ್ನೂ ಅವನೇ ಬಂದು ಒಯ್ದ.

ಡೀಟ್ಮಾರ್ ಆ ರಾತ್ರಿ ಗಾಡಿಗಳು ತಂಗುವ ಕ್ಯಾಂಪಿನ ಇನ್ನೊಂದು ತುದಿಯಲ್ಲಿ ಒಬ್ಬನೇ ಮಲಗಿದ. ಬಂದು ಕರೆಯುತ್ತಾಳೆಂದು ಬೆಳಗ್ಗೆ ಕಾಫಿ ಆರುವ ತನಕ ಕಾದ. ಯಾರೂ ಬರಲಿಲ್ಲ. ಹಟಕ್ಕೆ ಬಿದ್ದು ಊರಿಗೆ ಹೊರಟ.

ದಾರಿಯಲ್ಲಿ ಲಾರಿಯ ಬೆನ್ನು ಹಿಡಿದ. ವಾಸನೆ ಎಂದು ಯಾರೂ ಗೊಣಗಲಿಲ್ಲ, ಏಸಿ ಹಾಕು ಎಂದು ಕೇಳಲಿಲ್ಲ, ಕಾಫಿಗೆ ನಿಲ್ಲಿಸು ಎನ್ನಲಿಲ್ಲ. ಗಾಡಿ ಹೂವಿನ ಹಾಗೆ ಹಗುರವಾಗಿ ಓಡಿತು. ಸರಾಸರಿ ಇಳಿಯುತ್ತಾ ಬಂತು. ಮನೆಯ ಬೀದಿಗೆ ತಿರುಗುವಾಗ ಒಂಬತ್ತು ದಶಮಾಂಶ ಎಂಟು! ಜೀವಮಾನದ ದಾಖಲೆ. "ನೋಡಿದ್ಯಾ!" ಎಂದು ಬಲಗಡೆಗೆ ತಿರುಗಿದ. ಆಸನದ ಮೇಲೆ ರೊಸ್ವಿತಾ ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆ ಬಿದ್ದಿತ್ತು.

ತಡೆಯಲಾಗದೆ ಪರದೆಯ ಫೋಟೋ ತೆಗೆದು ಅವಳಿಗೆ ಕಳುಹಿಸಿದ. ಉತ್ತರ ಬೇಗನೆ ಬಂತು: "ನೀನು ಹೋದಾಗಿಂದ ನಾವು ಇಲ್ಲೇ ನಿಂತಿದ್ದೀವಿ. ಲೋಥಾರನ ಗಾಡಿ ಒಂದು ಹನೀನೂ ಕುಡಿದಿಲ್ಲ."

ಅದರ ಫ್ರಿಜ್ ನಡೆಸುವ ಜನರೇಟರಿಗೂ ಪೆಟ್ರೋಲ್ ಬೇಕಲ್ಲ ಎಂದು ಡೀಟ್ಮಾರ್ ಬರೆಯತೊಡಗಿದ. ಗಂಟೆಗೆ ಎಷ್ಟು ಕುಡಿಯುತ್ತದೆಂಬುದೂ ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಗ್ಯಾರೇಜಿನ ಗೋಡೆಗೆ ಒರಗಿದ್ದ ಮರದ ಸ್ಟ್ಯಾಂಡು ಕಂಡಿತು. ಪಕ್ಕದಲ್ಲಿ ಪೆಟ್ಟಿಗೆ. ಜೀವನದಲ್ಲಿ ಮೊದಲ ಸಲ ಸರಿಯಾದ ಮಾತೊಂದನ್ನು ಅಳಿಸಿಹಾಕಿ, "ಬಣ್ಣದ ಪೆಟ್ಟಿಗೆ ತಂದ್ಕೊಡ್ಲಾ? ಈಗ್ಲೇ ಹೊರಡ್ತೀನಿ" ಎಂದು ಬರೆದ.

ಈ ಸಲ ಉತ್ತರ ಬರಲು ಬಹಳ ಹೊತ್ತು ಹಿಡಿಯಿತು.

"ಬೇಡ. ನಿನ್ನ ಸರಾಸರಿ ಕೆಡುತ್ತೆ."