ಕುರಿ ಒಪ್ಪಿದ ಕೋಟು

ಹೆತ್ತ ಮರಿಯನ್ನೇ ಒಲ್ಲೆನೆಂದು ಒದೆಯುವ ಕುರಿಯೂ ದೋಲ್ಗೊರ್ ಅಜ್ಜಿಯ ಹಾಡು ಕೇಳಿದರೆ ಕರಗಿ ಹಾಲೂಡಿಸುತ್ತದೆ. ಇದು ಗೋಬಿ ಮರುಭೂಮಿಯಲ್ಲಿ ಎಲ್ಲರಿಗೂ ಗೊತ್ತು. ಆ ಹಾಡನ್ನು ರೆಕಾರ್ಡ್ ಮಾಡಲು ರಾಜಧಾನಿಯ ಮ್ಯೂಸಿಯಮ್ಮಿನಿಂದ ಬಂದಿದ್ದ ಮಾನವಶಾಸ್ತ್ರಜ್ಞ ಗಾನ್‌ಜೋರಿಗ್, ಬೆಳಗಿನಿಂದ ಅಜ್ಜಿಯ ಗುಡಾರದಲ್ಲಿ ಉಪ್ಪು ಚಹಾ ಕುಡಿಯುತ್ತ ಕೂತಿದ್ದ. ಸಂಜೆಗೆ ಜೀಪು ಹೊರಡಬೇಕು. ಈ ಸಲವೂ ಬರಿಗೈಯಲ್ಲಿ ಬಂದರೆ ಮ್ಯೂಸಿಯಮ್ಮಿನ ಬಾಗಿಲಲ್ಲಿ ಟಿಕೆಟ್ ಹರಿಯಲು ಕೂರಿಸುತ್ತೇನೆಂದು ಸಾಹೇಬರು ಹೇಳಿಯೇ ಕಳಿಸಿದ್ದರು.

ಅಜ್ಜಿ ಜಪ್ಪಯ್ಯ ಅಂದರೂ ಹಾಡಲಿಲ್ಲ.

"ಈ ಸಲ ಹುಲ್ಲು ಚೆನ್ನಾಗಿದೆ. ಎಲ್ಲಾ ಕುರೀನೂ ಮರಿ ನೆಕ್ಕೊಂಡು ಸುಖವಾಗಿವೆ ಮಗಾ. ಉಂಡೋರ ಮುಂದೆ ಮತ್ತೆ ಎಲೆ ಹಾಕ್ತಾರಾ?"

ಕೇಳದಿದ್ದರೂ ಬುದ್ಧಿ ಹೇಳುವುದು ಜೀಪಿನ ಡ್ರೈವರ್ ಪುರೆವ್‌ನ ಹುಟ್ಟುಗುಣ. ಅವನು ಹೊರಗೆ ಕರೆದು ಪಿಸುಗುಟ್ಟಿದ. "ಒಂದು ಮರೀನ ಕೋಟಿನೊಳಗೆ ಇಟ್ಕೊಳ್ಳಿ ಸಾರ್. ನಿಮ್ಮ ಸೆಂಟಿನ ವಾಸನೆ ಹತ್ತಿದ್ರೆ ಹೆತ್ತ ತಾಯೀನೂ ಹತ್ರ ಸೇರಿಸಲ್ಲ."

ಗಾನ್‌ಜೋರಿಗ್‌ನ ಕರುಳು ಚುರ್ರೆಂದಿತು. ಹೇಗೂ ಅಜ್ಜಿ ಹಾಡಿ ಸರಿಮಾಡುತ್ತಾಳಲ್ಲ ಎಂದು ಸಮಾಧಾನ ಹೇಳಿಕೊಂಡು, ಮರಿಯೊಂದನ್ನು ಎದೆಗವಚಿಕೊಂಡ. ಒಳಜೇಬಿನ ಸುತ್ತ ಏನೋ ಬೆಚ್ಚಗೆ ಹರಡಿತು. ಮರಿಗೆ ತನ್ನ ಮೇಲೆ ಪ್ರೀತಿ ಹುಟ್ಟಿತೆಂದೇ ತಿಳಿದ.

ಉಪಾಯ ಫಲಿಸಿತು. ಕೆಳಗೆ ಬಿಟ್ಟ ಮರಿಯನ್ನು ತಾಯಿ ಮೂಸಿ ನೋಡಿ ಗುಮ್ಮಿತು. ಅಜ್ಜಿ ಗಾಬರಿಯಾಗಿ ಓಡಿಬಂದು, ಕುರಿಯ ಪಕ್ಕ ಮಂಡಿಯೂರಿ, "ತೊಯ್ಗ್, ತೊಯ್ಗ್" ಎಂದು ಹಾಡು ಶುರುಮಾಡಿದಳು. ಒಳಜೇಬಿಗೆ ಕೈಹಾಕಿ ರೆಕಾರ್ಡರಿನ ಗುಂಡಿ ಒತ್ತಿದ ಗಾನ್‌ಜೋರಿಗ್‌ನ ಕಣ್ಣು ತುಂಬಿತು. ಅಂಥ ಹಾಡು ಅದು. ಕುರಿಯೂ ಕರಗಿತು. ಮೆಲ್ಲಗೆ ಮರಿಯನ್ನು ದಾಟಿಕೊಂಡು ಬಂದು ಅವನ ಕೋಟನ್ನು ನೆಕ್ಕತೊಡಗಿತು.

ಅಜ್ಜಿ ಕೋಟನ್ನು ಮೂಸಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು.

"ಬಿಚ್ಚು."

ಕೋಟು ಮರಿಯ ಮೈಮೇಲೆ ಬಿತ್ತು. ತನ್ನ ಮರಿಯ ಉಚ್ಚೆಯ ವಾಸನೆ ಸಿಕ್ಕಿದ್ದೇ ತಾಯಿ ಹಾಲೂಡಿಸಿತು. ಎರಡು ದಿನ ಆ ಕೋಟನ್ನು ತೆಗೆಯುವ ಹಾಗಿಲ್ಲ ಎಂದಳು ಅಜ್ಜಿ. ಹೋಗಲಿ, ಹಾಡು ಸಿಕ್ಕಿತಲ್ಲ ಎಂದು ಗಾನ್‌ಜೋರಿಗ್ ಬೀಗುತ್ತಲೇ ಮರಿಯ ಮೇಲಿದ್ದ ಕೋಟಿನ ಜೇಬಿನಿಂದ ರೆಕಾರ್ಡರನ್ನು ಹೊರತೆಗೆದ. ಅದರಿಂದ ಉಚ್ಚೆ ತೊಟ್ಟಿಕ್ಕುತ್ತಿತ್ತು. ಎಷ್ಟು ಒತ್ತಿದರೂ ಉಸಿರಿಲ್ಲ.

"ಅಜ್ಜಿ, ಇನ್ನೊಂದೇ ಒಂದು ಸಲ..."

"ಕುರಿ ಒಪ್ಪಿತಲ್ಲ ಮಗಾ. ಇನ್ನು ಯಾರಿಗೆ ಹಾಡ್ಲಿ?"

ಇನ್ನೊಂದು ಮರಿಯ ಕಡೆ ಅವನ ಕಣ್ಣು ಹೊರಳುವಷ್ಟರಲ್ಲಿ ಅಜ್ಜಿ ಕೋಲು ಎತ್ತಿಕೊಂಡಿದ್ದಳು.

ಬರೀ ಅಂಗಿಯಲ್ಲಿ ಗಡಗಡ ನಡುಗುತ್ತ ಜೀಪು ಹತ್ತಿದವನನ್ನು ನೋಡಿ ಪುರೆವ್‌ಗೆ ಮರುಕ ಬಂತು.

"ಯೋಚ್ನೆ ಮಾಡ್ಬೇಡಿ ಸಾರ್. ಟಿಕೆಟ್ ಕೊಡೋ ಗೂಡು ಬೆಚ್ಚಗಿರತ್ತೆ."