ಅಮಲ್ದಾರರಿಗೊಂದು ಮರೆ

ಅಮಲ್ದಾರರ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ‘ಭಾನುವಾರ ಪಾರಿವಾಳದ ಷಿಕಾರಿಗೆ ಬರುತ್ತೇನೆ. ನಿಡುಗಲ್ ಬೆಟ್ಟದ ಕೆಳಗಿನ ಹುರುಳಿ ಹೊಲದಲ್ಲಿ ಕೂರಲು ಒಂದು ಮರೆ ಕಟ್ಟಿಸಿಡಿ.’ ಶೇಕ್ದಾರ ಮಹಾಲಿಂಗಯ್ಯನವರು ಅದನ್ನು ಕಣ್ಣಿಗೊತ್ತಿಕೊಂಡರು.

ಕಾರಣವಿತ್ತು. ಅವರು ಪಾವಗಡದ ಸೀಮೆಗೆ ಬಂದು ಮೂರು ವರ್ಷವಾಗಿತ್ತು. ಮೂರು ವರ್ಷದಿಂದ ಬೆಂದ ಬೇಳೆ ಕಂಡಿರಲಿಲ್ಲ. ಇಲ್ಲಿನ ಸವಳು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಹರಳಿನ ಹಾಗೆ ಹಲ್ಲಿಗೆ ಸಿಗುತ್ತಿತ್ತು. ಹೆಂಡತಿ ಶಿವರುದ್ರಮ್ಮ ಹದಿನೈದೇ ದಿನ ಇದ್ದು, "ಕೊರಟಗೆರೆಗೆ ವರ್ಗ ಆದ ದಿನ ಹೇಳಿ ಕಳಿಸಿ" ಎಂದು ಆ ಊರಿನ ಪಕ್ಕದ ತೋವಿನಕೆರೆಯ ತವರಿಗೆ ಹೊರಟುಹೋಗಿದ್ದಳು. ವರ್ಗಕ್ಕೆ ಬರೆದ ಅರ್ಜಿಗಳೆಲ್ಲ ತುಮಕೂರಿಗೆ ಹೋಗಿ ಅಲ್ಲೇ ಸಂಸಾರ ಹೂಡಿದ್ದವು. ಅಮಲ್ದಾರರು ಒಂದು ಮಾತು ಹೇಳಿದರೆ ಕೆಲಸ ಆದೀತು. ಹೇಳಬೇಕಾದರೆ ಅವರಿಗೆ ಸಂತೋಷವಾಗಬೇಕು, ಸಂತೋಷವಾಗಬೇಕಾದರೆ ಪಾರಿವಾಳ ಬೀಳಬೇಕು. ಇರುವೆ ತುಳಿಯಲೂ ಹಿಂಜರಿಯುವ ಲಿಂಗವಂತರಾದ ಮಹಾಲಿಂಗಯ್ಯನವರು ಮೊದಲ ಬಾರಿಗೆ ಒಂದು ಪ್ರಾಣಿಯ ಸಾವನ್ನು ಹಾರೈಸಿ, ಶಿವ ಶಿವಾ ಎಂದು ಕೆನ್ನೆ ಬಡಿದುಕೊಂಡರು.

ಪಟೇಲ ಓಬಳಯ್ಯನನ್ನು ಕರೆಸಿ, "ಅಮಲ್ದಾರರು ಕೂರೋಕೆ ಹೊಲದಲ್ಲಿ ಸೊಪ್ಪು ಹಾಕಿ ಒಂದು ಮರೆ ಕಟ್ಟಿಸಯ್ಯಾ. ಯಾವುದಕ್ಕೂ ಕಡಿಮೆ ಆಗಬಾರದು" ಎಂದರು. ಆ ಕೊನೆಯ ಮಾತೇ ಎಲ್ಲವನ್ನೂ ಕೆಡಿಸಿತು.

ಭಾನುವಾರ ಬೆಳಿಗ್ಗೆ ಶೇಕ್ದಾರರು ಹೊಲಕ್ಕೆ ಬಂದು ನೋಡಿದರು. ಬಟಾಬಯಲಿನ ನಟ್ಟನಡುವೆ ಹಸಿರು ಚಪ್ಪರ. ನಾಲ್ಕು ಮೂಲೆಗೆ ಬಾಳೆಕಂದು, ಸುತ್ತ ಮಾವಿನ ತೋರಣ, ಒಳಗೆ ಜಮಖಾನದ ಮೇಲೆ ಕುರ್ಚಿ, ಮುಂದೆ ರಂಗೋಲಿ. ಪಕ್ಕದಲ್ಲಿ ವಾಲಗದವರು ಡೋಲು ಬಿಗಿಯುತ್ತಿದ್ದರು.

"ಏನಯ್ಯಾ ಇದು?"

"ಮೂವತ್ತು ವರ್ಸದಿಂದ ಸಾಯೇಬ್ರು ಬಂದಾಗೆಲ್ಲ ಇಂಗೇ ಮಾಡಿರೋದು ಬುದ್ಧಿ" ಎಂದು ಪಟೇಲ ಮೀಸೆ ನೀವಿಕೊಂಡ.

"ಇದು ಪಾರಿವಾಳಕ್ಕೆ ಕಾಣದ ಹಾಗೆ ಅಡಗಿ ಕೂರೋ ಜಾಗ ಕಣಯ್ಯಾ."

"ಅಮಲ್ದಾರ್ರು ಅಡಗಿ ಕುಂತ್ಕಬೇಕಾ? ಅವರ್ಗೇನು ಅಂಥಾ ಕರ್ಮ ಬಂದೈತೆ ಬುದ್ಧಿ?"

ಶೇಕ್ದಾರರು ತಾವೇ ತೋರಣ ಕೀಳಲು ಕೈ ಹಾಕಿದರು. ಅಷ್ಟರಲ್ಲಿ ದೂರದಲ್ಲಿ ಕುದುರೆಯ ಮೇಲೆ ಹ್ಯಾಟು ಕಂಡಿತು. ಹ್ಯಾಟು ಕಂಡದ್ದೇ ತಡ ವಾಲಗ ಶುರುವಾಯಿತು. ಹೊಲದ ಆಚೆ ಅಂಚಿನಲ್ಲಿ ಉದುರಿದ ಹುರುಳಿ ಹೆಕ್ಕುತ್ತಿದ್ದ ಪಾರಿವಾಳಗಳು ಒಟ್ಟಿಗೇ ಎದ್ದು ಬೆಟ್ಟದ ಕಡೆ ಹಾರಿದವು. ಪಟೇಲ ಓಡಿಹೋಗಿ ಹಾರ ಹಾಕಿದ.

"ಏನ್ರೀ ಮಹಾಲಿಂಗಯ್ಯ, ನಾನು ಬಂದದ್ದು ಷಿಕಾರಿಗೋ, ಬೀಗರ ಊಟಕ್ಕೋ?" ಎಂದರು ಅಮಲ್ದಾರರು.

ಬಾಳೆಕಂದು ಕಿತ್ತು, ತೋರಣ ಬಿಸಾಡಿ, ಒಣ ಹುರುಳಿ ಬಳ್ಳಿ ಮುಚ್ಚಿ ಅಂತೂ ಒಂದು ಮರೆಯಾಯಿತು. ಅಮಲ್ದಾರರು ಬಂದೂಕು ಹಿಡಿದು ಒಳಗೆ ಕುಕ್ಕರುಗಾಲಲ್ಲಿ ಕೂತರು. ಆದರೆ ಅಮಲ್ದಾರರು ಹೊಲದಲ್ಲಿ ಸುಮ್ಮನೆ ಕೂತಿದ್ದಾರೆ, ಜವಾನನ ಕಾಟವಿಲ್ಲ ಎಂಬ ಸುದ್ದಿ ಊರಿಗೆ ಮುಟ್ಟಿತು. ಅರ್ಧ ಗಂಟೆಯಲ್ಲಿ ಮರೆಯ ಮುಂದೆ ಇಪ್ಪತ್ತು ಜನ ಅರ್ಜಿ ಹಿಡಿದು ಸಾಲುಗಟ್ಟಿದರು. ಮುದುಕಿ ಹನುಮಕ್ಕ ಬಳ್ಳಿ ಸರಿಸಿ ತಲೆಯನ್ನೇ ಒಳಕ್ಕೆ ತೂರಿಸಿದಳು. "ನನ್ ಹೊಲದ ಬಾಂದುಕಲ್ಲು ಯಾರೋ ಸರಿಸ್ಬುಟ್ಟವ್ರೆ ಬುದ್ಧಿ."

ಅಮಲ್ದಾರರು ಬಂದೂಕನ್ನು ಪಕ್ಕಕ್ಕಿಟ್ಟು ಶೇಕ್ದಾರರನ್ನು ಸುಡುವ ಹಾಗೆ ನೋಡಿದರು.

ಮಹಾಲಿಂಗಯ್ಯನವರು ಮುದುಕಿಗೆ ಕೈಮುಗಿದರು. "ತಾಯಿ, ಮೊದಲು ಪಾರಿವಾಳ ಬರಲಿ. ಆಮೇಲೆ ನಿನ್ನ ಕಲ್ಲು."

"ಇಷ್ಟೊತ್ನಾಗೆ ಅವು ಯಾಕ್ ಬತ್ತವೆ? ಬಿಸ್ಲೇರಿದ್ರೆ ಬೆಟ್ಟದ ಮ್ಯಾಗಳ ಕೋಟೆ ಕಣಜದಾಗೆ ಸೇರ್ಕಂತವೆ. ಹೋಗಿ ಎಬ್ಬುಸ್ರಿ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಶೇಕ್ದಾರರು ಪಂಚೆ ಮೇಲೆತ್ತಿ ಕಟ್ಟಿ, ವಾಲಗದವರನ್ನೂ ಅರ್ಜಿದಾರರನ್ನೂ ಹಿಂದಿಟ್ಟುಕೊಂಡು ಬೆಟ್ಟ ಹತ್ತಿದರು. ಏದುಸಿರು ಬಿಡುತ್ತ ಕೋಟೆಯ ಪಾಳು ಕಣಜದ ಬಾಗಿಲಲ್ಲಿ ನಿಂತು, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದರು: "ಗಟ್ಟಿಮೇಳ, ಗಟ್ಟಿಮೇಳ!"

ನೂರು ಮದುವೆಯ ತಾಳಿ ಒಟ್ಟಿಗೇ ಕಟ್ಟುತ್ತಿದ್ದಾರೋ ಎನ್ನುವಂತೆ ಡೋಲು ಮೊಳಗಿತು. ಕಲ್ಲು ಗೋಡೆಗಳು ಅದನ್ನು ಹತ್ತರಷ್ಟು ಮಾಡಿದವು. ಕತ್ತಲ ಕಣಜದಿಂದ ಪಾರಿವಾಳಗಳು ಹೊಗೆಯ ಹಾಗೆ ನುಗ್ಗಿ, ದಿಕ್ಕು ತೋಚದೆ ತಮಗೆ ರೂಢಿಯಾದ ಹುರುಳಿ ಹೊಲಕ್ಕೇ ಇಳಿದವು. ಕೆಳಗೆ ಬಂದೂಕು ಢಂ ಎಂದಾಗಲೆಲ್ಲ ಮಹಾಲಿಂಗಯ್ಯನವರು ಒಂದು ಕೈಯಲ್ಲಿ ಕೆನ್ನೆ ಬಡಿದುಕೊಳ್ಳುತ್ತ, ಇನ್ನೊಂದು ಕೈಯಲ್ಲಿ ‘ಇನ್ನೂ ಜೋರಾಗಿ’ ಎಂದು ಡೋಲಿನವನಿಗೆ ಸನ್ನೆ ಮಾಡುತ್ತಿದ್ದರು.

ಬಿದ್ದದ್ದು ಇಪ್ಪತ್ಮೂರು. ಆ ಸೀಮೆಯಲ್ಲಿ ಯಾವ ಸಾಹೇಬನೂ ಒಂದೇ ದಿನ ಅಷ್ಟು ಹೊಡೆದಿರಲಿಲ್ಲ ಎಂದು ಪಟೇಲನೇ ಸಾಕ್ಷಿ ನುಡಿದ. ಅಮಲ್ದಾರರು ಬೆಟ್ಟದ ಬುಡಕ್ಕೇ ನಡೆದುಬಂದು, ತಮ್ಮ ಕೊರಳಿನ ಹಾರ ತೆಗೆದು ಶೇಕ್ದಾರರಿಗೆ ಹಾಕಿದರು. ಮಹಾಲಿಂಗಯ್ಯನವರಿಗೆ ಹುಟ್ಟಿದ್ದು ಸಾರ್ಥಕವೆನಿಸಿತು. ಕೇಳಲು ಇದೇ ಸಮಯವೆಂದು ಬಾಯಿ ತೆರೆದರು. ಅಷ್ಟರಲ್ಲಿ ಅಮಲ್ದಾರರೇ ಜೇಬಿನಿಂದ ಒಂದು ಕಾಗದ ತೆಗೆದರು.

"ನೋಡಿ, ನಿನ್ನೆ ತುಮಕೂರಿಂದ ಬಂತು. ಕೊರಟಗೆರೆಗೆ ನಿಮ್ಮ ವರ್ಗದ ಆರ್ಡರು. ಬೆಳಿಗ್ಗೆ ಆ ವಾಲಗ ಕೇಳಿದಾಗ, ಈ ಪೀಡೆ ಇವತ್ತೇ ತೊಲಗಲಿ ಅಂತ ಕೊಡೋದ್ರಲ್ಲಿದ್ದೆ."

ಮಹಾಲಿಂಗಯ್ಯನವರ ಎರಡೂ ಕೈಗಳು ತಾವಾಗಿ ಮುಂದೆ ಚಾಚಿಕೊಂಡವು. ಅಮಲ್ದಾರರು ಕಾಗದವನ್ನು ಮಡಿಸಿ ಮತ್ತೆ ಜೇಬಿಗಿಟ್ಟರು.

"ಈಗ ಬಿಡ್ತೀನೇನ್ರೀ ನಿಮ್ಮನ್ನ? ಇವರಿಲ್ಲದೆ ಈ ಸೀಮೆ ನಡೆಯಲ್ಲ ಅಂತ ಇವತ್ತೇ ಬರೆದು ರದ್ದು ಮಾಡಿಸ್ತೀನಿ. ನಾನಿರೋವರೆಗೂ ನೀವು ಇಲ್ಲೇ. ಮುಂದಿನ ಭಾನುವಾರ ಮೊಲಕ್ಕೆ ಬರ್ತೀನಿ."

ಊರಿನವರಿಗೆ ಆನಂದ ತಡೆಯಲಾಗಲಿಲ್ಲ. ಶೇಕ್ದಾರರನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆ ಹೊರಟರು. ಅಷ್ಟು ಎತ್ತರದಿಂದ ಮಹಾಲಿಂಗಯ್ಯನವರು ಕೊರಟಗೆರೆ ಇರುವ ದಿಕ್ಕಿಗೆ ತಿರುಗಿ, ಕಣ್ಣು ತುಂಬಿ, ದೊಡ್ಡದೊಂದು ನಮಸ್ಕಾರ ಹಾಕಿದರು. ಅದು ತಮಗೇ ಎಂದು ತಿಳಿದ ಜನ ಇನ್ನಷ್ಟು ಜೋರಾಗಿ ಜೈಕಾರ ಕೂಗಿದರು.