ಪರವಾಗಿಲ್ಲ ಎನ್ನುವ ಊರಿನಲ್ಲಿ ಒಂದು ಅದ್ಭುತ

ಇಷ್ಟಕ್ಕೆಲ್ಲ ಕಾರಣ ಒಂದು ರೊಟ್ಟಿ.

ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಸೆಲ್ಮರ್ ಮುದುಕನ ಸೊಸೆ ಲೊರೇನ್ ಬೆಳಿಗ್ಗೆಯೇ ಆಲೂಗಡ್ಡೆ ಹಿಟ್ಟು ಕಲಸಿ ಲೆಫ್ಸೆ ಎಂಬ ತೆಳು ರೊಟ್ಟಿ ಲಟ್ಟಿಸುತ್ತಿದ್ದಳು. ಮುದುಕನ ಅಮ್ಮ ಮಾಡುತ್ತಿದ್ದ ಲೆಫ್ಸೆಯನ್ನು ಕಿಟಕಿಗೆ ಹಿಡಿದರೆ ಆಚೆಯ ಹಿಮ ಕಾಣುತ್ತಿತ್ತು. ಲೊರೇನ್ ಮಾಡಿದ್ದನ್ನು ಹಿಡಿದರೆ ಕಿಟಕಿಯೇ ಕಾಣುತ್ತಿರಲಿಲ್ಲ.

"ನನ್ನ ಕೈಲಾಗಲ್ಲ ಮಾವ. ಈ ಲಟ್ಟಣಿಗೇನ ಅಟ್ಟಕ್ಕೆ ಹಾಕ್ಬಿಡ್ತೀನಿ. ಅಂಗಡಿ ಬ್ರೆಡ್ಡೇ ತಿನ್ನಿ," ಎಂದಳು. ಕಣ್ಣಲ್ಲಿ ನೀರು.

ಸೆಲ್ಮರ್ ಲಟ್ಟಣಿಗೆಯತ್ತ ನೋಡಿದ. ಅಮ್ಮನ ಲಟ್ಟಣಿಗೆ ಅಟ್ಟ ಹತ್ತಿದರೆ ಇನ್ನು ಈ ಜನ್ಮಕ್ಕೆ ಲೆಫ್ಸೆ ಇಲ್ಲ. ಚಿಕ್ಕಂದಿನಲ್ಲಿ ಅವನು ಸೊಟ್ಟಗೆ ಲಟ್ಟಿಸಿದ್ದನ್ನೂ ಅಮ್ಮ ಬೆಣ್ಣೆ ಸಕ್ಕರೆ ಸವರಿ ತಿನ್ನುತ್ತಿದ್ದಳು. 'ಮೊದಲ ರೊಟ್ಟಿ ಹೊಗಳಿದವನಿಗೇ ಕೊನೆಯ ರೊಟ್ಟಿಯ ರುಚಿ' ಎನ್ನುತ್ತಿದ್ದಳು. ಎಂಥ ತಾಯಿ!

ಅವನು ಒಂದು ತುಂಡನ್ನು ಕಷ್ಟಪಟ್ಟು ನುಂಗಿ, "ಅದ್ಭುತ!" ಎಂದ.

ಎಡವಟ್ಟಾದದ್ದು ಅಲ್ಲೇ. ನಾರ್ವೆಯಿಂದ ಬಂದು ನಾರ್ತ್ ಡಕೋಟಾದಲ್ಲಿ ನೆಲೆನಿಂತ ಆ ಊರಿನ ಮಂದಿ ಹೊಗಳುವುದರಲ್ಲಿ ಬಲು ಜಿಪುಣರು. ಮಗ ಹುಟ್ಟಿದರೂ "ಪರವಾಗಿಲ್ಲ", ಗೋಧಿ ಕಣಜ ತುಂಬಿದರೂ "ಪರವಾಗಿಲ್ಲ". ಅದರ ಮೇಲಿನ ಹೊಗಳಿಕೆ ಅವರಲ್ಲಿರಲಿಲ್ಲ. ಲೊರೇನ್ ಷಿಕಾಗೋ ಹುಡುಗಿ, ಈ ಲೆಕ್ಕ ಅವಳಿಗೆ ತಿಳಿಯದು. ಮುಖ ಅರಳಿಸಿಕೊಂಡು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಆದರೆ ಮೊಟ್ಟೆ ಕೊಡಲು ಬಂದಿದ್ದ ಪಕ್ಕದ ಮನೆ ಗುನ್‌ಹಿಲ್ಡ್ ಬಾಗಿಲಲ್ಲೇ ಕಲ್ಲಾದಳು. ಓಡಿಹೋಗಿ ಫೋನೆತ್ತಿದಳು. ಆಗೆಲ್ಲ ರಸ್ತೆಗೊಂದೇ ತಂತಿ, ಒಬ್ಬರ ಮಾತಿಗೆ ಎಲ್ಲ ಮನೆಯ ಕಿವಿ. ಆ ಸುಖ ಈಗೆಲ್ಲಿ ಬಂತು!

"ಸೆಲ್ಮರ್ 'ಅದ್ಭುತ' ಅಂದ ಕಣ್ರೇ!"

"ಅಯ್ಯೋ ದೇವ್ರೇ! ಜ್ವರ ಇದ್ಯಾ?"

"ಅವರಪ್ಪಂಗೂ ಹಿಂಗೇ ಆಗಿದ್ದು. ಸಾಯೋ ಹಿಂದಿನ ದಿನ ಹೆಂಡ್ತಿ ಕಾಫೀನ 'ಚೆನ್ನಾಗಿದೆ' ಅಂದಿದ್ದ!"

ಮಧ್ಯಾಹ್ನದ ಹೊತ್ತಿಗೆ ನೆರೆಹೊರೆಯವರ ಕೈಯಲ್ಲಿ, ಸಾವಿನ ಮನೆಗೆ ತರುವ ಹಾಟ್‌ಡಿಶ್ ಅಡುಗೆಯ ಪಾತ್ರೆಗಳು ಸಾಲಾಗಿ ಬಂದವು. ಹಿಂದೆಯೇ ಡಾಕ್ಟರು.

"ನಂಗೇನಾಗಿಲ್ಲ ಕಣ್ರೋ!" ಎಂದು ಸೆಲ್ಮರ್ ಕೂಗಾಡಿದ.

"ಹಾಗಾದ್ರೆ ನಿಜ ಹೇಳು, ರೊಟ್ಟಿ ಹೆಂಗಿತ್ತು?" ಎಂದಳು ಗುನ್‌ಹಿಲ್ಡ್.

ಲೊರೇನ್ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಸೆಲ್ಮರ್ ಅವಳ ಮುಖ ನೋಡಿದ.

"ಅದ್ಭುತ."

"ಮಲಗಿಸಿ ಇವರನ್ನ," ಎಂದರು ಡಾಕ್ಟರು.

ಹೊದಿಕೆಯೊಳಗೆ ಬಿದ್ದುಕೊಂಡೇ ಸೆಲ್ಮರ್ ಲಟ್ಟಣಿಗೆಯ ಸದ್ದು ಕೇಳುತ್ತಿದ್ದ. ಗುದ್ದಾಡುತ್ತಿದ್ದ ಸದ್ದು ಬರಬರುತ್ತ ಹಗುರವಾಯಿತು, ಥೇಟು ಅಮ್ಮನ ಕೈಯ ಸದ್ದು.

ಬಿಸಿಲು ಇಳಿಯುವ ಮುನ್ನ ಲೊರೇನ್ ಬಂದವರಿಗೆಲ್ಲ ಲೆಫ್ಸೆ ಹಂಚಿದಳು. ಗುನ್‌ಹಿಲ್ಡ್ ತನ್ನದನ್ನು ಕಿಟಕಿಗೆ ಹಿಡಿದಳು. ಹಿಮ ಕಂಡಿತು. ತಿಂದು ಕಣ್ಣೊರೆಸಿಕೊಂಡು, "ಪರವಾಗಿಲ್ಲ!" ಎಂದಳು. ಬಂದವರೆಲ್ಲ ಲೊರೇನ್‌ಳತ್ತ ತಿರುಗಿದರು. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೂ ಆ ಊರಲ್ಲಿ ರೊಟ್ಟಿಗೆ ಅಂಥ ಮಾತು ಸಿಕ್ಕಿರಲಿಲ್ಲ.

ಸೆಲ್ಮರ್ ಎದ್ದು ಕೂತು ಆಸೆಯಿಂದ ಕೈ ಚಾಚಿದ. ಲೊರೇನ್ ಬಟ್ಟೆ ಮುಚ್ಚಿದ ಬೇರೊಂದು ತಟ್ಟೆ ತಂದಳು.

"ಇವ್ರಿಗೆಲ್ಲ ತೆಳ್ಳಂದು. ನಿಮಗೆ ಇಷ್ಟವಾಗಿದ್ದು ಬೆಳಗ್ಗೆ ಮಾಡಿದ ದಪ್ಪಂದೇ ಅಲ್ವಾ ಮಾವ? ಒಂದನ್ನೂ ಬಿಡದೆ ಎತ್ತಿಟ್ಟಿದ್ದೀನಿ. ಇನ್ಮೇಲೆ ಪ್ರತಿ ವರ್ಷ ನಿಮಗಂತಲೇ ದಪ್ಪಕ್ಕೆ ಮಾಡ್ತೀನಿ. ತಿಂದು ಹೇಳಿ, ಹೆಂಗಿದೆ?"

ಸೆಲ್ಮರ್ ಅಗಿದ. ಅಗಿಯುತ್ತಲೇ ಇದ್ದ. ಸೊಸೆ ಅವನ ಮುಖವನ್ನೇ ನೋಡುತ್ತಿದ್ದಳು.

"ಅದ್ಭುತ," ಎಂದ.

ಡಾಕ್ಟರು ಮತ್ತೆ ಅವನ ನಾಡಿ ಹಿಡಿದರು.